ಶುಕ್ರವಾರ ಪಾದೊವಾ: ಸ್ಕ್ರೊವೆನ್ಯಿ ಚಾಪೆಲ್ ಭೇಟಿ

ಎಲ್ಲರಿಗೂ ನಮಸ್ಕಾರ.

ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಇಟಲಿಯ ಪಾದೊವಾ ನಗರದಲ್ಲಿರುವ, ಭಿತ್ತಿಚಿತ್ರಗಳಿಗೆ ಹೆಸರಾದ ಪುಟ್ಟ ಪ್ರಾರ್ಥನಾಮಂದಿರ ಸ್ಕ್ರೊವೆನ್ಯಿ ಚಾಪೆಲ್‌ಗೆ ನಮ್ಮ ಟಿಕೆಟ್ ಆಗಿದೆ. ವೆನಿಸ್‌ನಿಂದ ರೈಲಿನಲ್ಲಿ ಬರುವವರು 10 ಗಂಟೆಯೊಳಗೆ ಪಾದೊವಾ ನಿಲ್ದಾಣದಲ್ಲಿರಬೇಕು. ಅಲ್ಲಿಂದ ಒಟ್ಟಿಗೆ ನಡೆದು ಹೋಗೋಣ. ದಯವಿಟ್ಟು ತಡ ಮಾಡಬೇಡಿ, ಸಮಯ ತಪ್ಪಿದರೆ ಟಿಕೆಟ್ ವ್ಯರ್ಥ. ಭಿತ್ತಿಚಿತ್ರಗಳಿಗೆ ತೇವ, ದೂಳು ತಾಗದಿರಲೆಂದು ಸಣ್ಣ ಸಣ್ಣ ತಂಡಗಳನ್ನು ಮೊದಲು ಪಕ್ಕದ ಕೋಣೆಯಲ್ಲಿ ಸುಮಾರು 15 ನಿಮಿಷ ಕೂರಿಸಿ, ಗಾಳಿ ಹದಕ್ಕೆ ಬಂದ ಮೇಲೆಯೇ ಒಳಗೆ ಬಿಡುತ್ತಾರೆ. ಚೀಲಗಳನ್ನು ಹೊರಗೇ ಒಪ್ಪಿಸಬೇಕು. ಫ್ಲ್ಯಾಶ್ ಬಳಸುವಂತಿಲ್ಲ.

ಒಳಗೆ ನಮಗೆ ಸಿಗುವ ಸಮಯ ಬಹಳ ಕಡಿಮೆ. ಹಾಗಾಗಿ ಏನು ನೋಡಬೇಕೆಂಬುದು ಮೊದಲೇ ತಿಳಿದಿರಲಿ. ಹೊರಗಿನಿಂದ ಅದು ಸಾದಾ ಇಟ್ಟಿಗೆಯ ಕಟ್ಟಡ. ಒಳಗೆ ಕಾಲಿಟ್ಟರೆ ಕಮಾನು ಚಾವಣಿಯ ತುಂಬ ಗಾಢ ನೀಲಿ, ಅದರ ಮೇಲೆ ಚಿನ್ನದ ನಕ್ಷತ್ರಗಳು. ಶ್ರೀಮಂತ ಎನ್ರಿಕೊ ಸ್ಕ್ರೊವೆನ್ಯಿ ಇದನ್ನು ಕಟ್ಟಿಸಿದ. ಇಟಲಿಯ ಚಿತ್ರಕಾರ ಜೊತ್ತೊ 1305ರ ಸುಮಾರಿಗೆ ಚಿತ್ರಗಳನ್ನು ಮುಗಿಸಿದ. ಪ್ರವೇಶದ ಕಡೆಯ ಗೋಡೆಯಲ್ಲಿ ಅಂತಿಮ ತೀರ್ಪಿನ (ಲೋಕಾಂತ್ಯದಲ್ಲಿ ಯೇಸು ಎಲ್ಲರಿಗೂ ತೀರ್ಪು ಕೊಡುವ) ಚಿತ್ರವಿದೆ. ಅದರಲ್ಲಿ ಎನ್ರಿಕೊ ಮಂಡಿಯೂರಿ ಚಾಪೆಲ್‌ನ ಮಾದರಿಯನ್ನು ಅರ್ಪಿಸುತ್ತಿದ್ದಾನೆ.

ನನ್ನನ್ನು ಕೇಳಿದರೆ, ಹೆಚ್ಚಿನ ಹೊತ್ತನ್ನು ಉತ್ತರದ ಗೋಡೆಯ ಕೆಳಸಾಲಿಗೆ ಕೊಡಿ. ಬಲಿಪೀಠಕ್ಕೆ ಮುಖ ಮಾಡಿ ನಿಂತರೆ ಅದು ಎಡಗಡೆ. ಅಲ್ಲಿನ ಒಂದು ಚಿತ್ರದಲ್ಲಿ ಸತ್ತ ಯೇಸುವಿನ ಮುಖಕ್ಕೆ ಮುಖವಿಟ್ಟ ತಾಯಿ ಮರಿಯಾ, ಮೇಲೆ ಗೋಳಾಡುವ ದೇವದೂತರು, ನಮಗೆ ಬೆನ್ನು ಹಾಕಿ ಕುಳಿತ ಇಬ್ಬರು. ಆ ಬೆನ್ನುಗಳಲ್ಲೇ ದುಃಖವನ್ನು ಬರೆದಿದ್ದಾನೆ ಜೊತ್ತೊ!

ಬರಲಾಗದವರು ಬುಧವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ, ಕಾಯುತ್ತಿರುವ ಸದಸ್ಯರಿಗೆ ಹೇಳಬೇಕಿದೆ. ಬರುವವರು ಗುರುತಿನ ಚೀಟಿ ಮರೆಯದಿರಿ.