ಸಾಧನೆಯ ಬಾಯಿಪಾಠ ಇನ್ನು ಸಾಕು

ಸಂಪಾದಕರಿಗೆ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ರೂಟ್ 2 ಅಭಾಗಲಬ್ಧ ಎಂದು ಸಾಧಿಸಿ ಅಂದರೆ ನಮ್ಮ ಹತ್ತನೇ ತರಗತಿಯ ಮಕ್ಕಳು ಗಡಗಡ ಬರೆದುಬಿಡುತ್ತಾರೆ. ರೂಟ್ 2 ಅನ್ನು ಎ/ಬಿ ಎಂಬ ಭಿನ್ನರಾಶಿ ಎಂದುಕೊಂಡಾಗ, ಎ ಮತ್ತು ಬಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ ಅಂತ ಮೊದಲೇ ಯಾಕೆ ಹೇಳಿದಿರಿ ಎಂದು ಕೇಳಿದರೆ, "ಪುಸ್ತಕದಲ್ಲಿ ಹಾಗೇ ಇದೆ ಮಿಸ್". ತಪ್ಪು ಅವರದಲ್ಲ. ದತ್ತ (ಕೊಟ್ಟಿರುವುದು), ಸಾಧನೀಯ (ಸಾಧಿಸಬೇಕಾದದ್ದು), ರಚನೆ, ಸಾಧನೆ ಅಂತ ತಲೆಬರಹ ಹಾಕಿ ಬರೆದರೆ ಅಂಕ ಸಿಗುತ್ತೆ ಎಂದು ಕಲಿಸಿದವರು ನಾವೇ.

ಹೋದ ವರ್ಷ ಶಾಲೆಯ ಕಂಪ್ಯೂಟರಿನಲ್ಲಿ, ಸಂಖ್ಯೆಗಳ ನಿಯಮಗಳನ್ನು ಒಂದೊಂದಾಗಿ ಸಾಧಿಸುತ್ತಾ ಮುಂದೆ ಹೋಗುವ ನ್ಯಾಚುರಲ್ ನಂಬರ್ ಗೇಮ್ ಆಡಿಸಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕೆವಿನ್ ಬಜರ್ಡ್ ಮತ್ತು ಮೊಹಮ್ಮದ್ ಪೆಡ್ರಂಫರ್ 2019ರಲ್ಲಿ ಮಾಡಿದ ಆಟ ಇದು. ದುಡ್ಡು ಕೊಡಬೇಕಿಲ್ಲ, ಬ್ರೌಸರಿನಲ್ಲೇ ನಡೆಯುತ್ತದೆ. ಲೀನ್ ಎಂಬ ತಂತ್ರಾಂಶ ಹಿಂದೆ ನಿಂತು ಒಂದೊಂದು ಹೆಜ್ಜೆಯನ್ನೂ ಪರೀಕ್ಷಿಸುತ್ತದೆ, ಇನ್ನು ಸಾಧಿಸಲು ಏನು ಉಳಿದಿದೆ ಅಂತ ಆಗಿಂದಾಗಲೇ ತೋರಿಸುತ್ತದೆ. ಸಾಧನೀಯ ಅಂದರೆ ಬರೀ ತಲೆಬರಹ ಅಲ್ಲ, ಹೆಜ್ಜೆ ಹೆಜ್ಜೆಗೂ ಬದಲಾಗುವ ಗುರಿ ಎಂದು ಮಕ್ಕಳು ನೋಡಿದ್ದು ಅಲ್ಲೇ.

ಒಂದು ಸಂಖ್ಯೆಗೆ ಸೊನ್ನೆ ಕೂಡಿಸಿದರೆ ಅದೇ ಸಂಖ್ಯೆ, ಇದನ್ನು ಆಟವೇ ಕೊಟ್ಟಿರುತ್ತದೆ. ಸೊನ್ನೆಗೆ ಆ ಸಂಖ್ಯೆ ಕೂಡಿಸಿದರೆ? ಅದನ್ನು ನಾವೇ ಸಾಧಿಸಬೇಕು. "ಎರಡೂ ಒಂದೇ ಅಲ್ವಾ ಮಿಸ್?" ಎಂದು ಇಡೀ ತರಗತಿ ಕೇಳಿತು. ಹಿಂದುಮುಂದು ಮಾಡಿ ಕೂಡಿಸಬಹುದು ಅಂತ ಅವರಿನ್ನೂ ಸಾಧಿಸಿಯೇ ಇಲ್ಲವಲ್ಲ! ಸೊನ್ನೆಗೆ ನಿಜ ಎಂದು ತೋರಿಸಿ, ಆಮೇಲೆ ಯಾವುದೇ ಸಂಖ್ಯೆಗೆ ನಿಜವಾದರೆ ಅದರ ಮುಂದಿನದಕ್ಕೂ ನಿಜ ಎಂದು ತೋರಿಸಬೇಕು. ಇದಕ್ಕೇ ಗಣಿತಾನುಗಮನ ಅನ್ನುವುದು. ಒಬ್ಬ ಹುಡುಗಿ ಅರ್ಧ ಗಂಟೆ ಒದ್ದಾಡಿ ದಾಟಿದಳು, ಆಮೇಲೆ ಪಕ್ಕದವಳಿಗೆ ತಾನೇ ಬಿಡಿಸಿ ಹೇಳಿದಳು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಸುಮ್ನೆ ಏನೇನೋ ಒತ್ತಿ ಪಾರಾಗುವವರೂ ಇದ್ದಾರೆ. ಅದಕ್ಕೇ ಪ್ರತಿ ಹಂತ ಮುಗಿದ ಮೇಲೆ ಅದೇ ಸಾಧನೆಯನ್ನು ಅವರವರ ಮಾತಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಟೀಚರ್ ಪಕ್ಕದಲ್ಲಿ ಇರಲೇಬೇಕು.

ಹೊರೆ ಇಳಿಸುತ್ತೇವೆ ಎಂದು ಎನ್‌ಸಿಇಆರ್‌ಟಿ 11ನೇ ತರಗತಿಯ ಪುಸ್ತಕದಿಂದ ಗಣಿತಾನುಗಮನ, ಗಣಿತೀಯ ತರ್ಕ ಎರಡೂ ಅಧ್ಯಾಯಗಳನ್ನು ಕೈಬಿಟ್ಟಿದೆ. ನನಗೆ ತುಂಬಾ ಸಂಕಟವಾಯಿತು. ಬೇರೆಲ್ಲಿ ಕಲಿಯಬೇಕು ಈ ಮಕ್ಕಳು?

ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ: ಈ ಆಟದ ವಿವರಣೆಗಳು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಸಿಗುವಂತೆ ಮಾಡಿ. ಬೇಕಾದ ಪದಗಳು ಜಾಸ್ತಿ ಪಾಲು ನಮ್ಮ ಪಠ್ಯಪುಸ್ತಕದಲ್ಲೇ ಇವೆ. ಈಗ ನಾನೇ ಇಂಗ್ಲಿಷ್ ಓದಿ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಂಕಲನದ ಭಾಗ ಮುಗಿದಿದೆ, ಗುಣಾಕಾರದ್ದು ಬಾಕಿ. ಯಾರಾದರೂ ಶುರು ಮಾಡುವುದಾದರೆ ನನ್ನ ಟಿಪ್ಪಣಿಗಳನ್ನೆಲ್ಲ ಕಳಿಸಿಕೊಡುತ್ತೇನೆ.

– ಗಣಿತ ಶಿಕ್ಷಕಿ, ಶಿರಸಿ