ಜಾಮೀನಿಗೆ ಸಹಿ ಹಾಕಬೇಡಿ ಅಪ್ಪ

ದುಬೈ
ಶುಕ್ರವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ವಂದನೆಗಳು.

ದೇವರ ದಯೆಯಿಂದ ನಾನು ಸೌಖ್ಯ. ಊರಿಂದ ಬಂದವರ ಕೈಯಲ್ಲಿ ಅಮ್ಮ ಕೊಟ್ಟ ಕಾಗದ, ಹಲಸಿನ ಹಪ್ಪಳ ಸಿಕ್ಕಿತು. ಕಾಗದ ಓದಿದ ಮೇಲೆ ಊಟ ಸೇರಲಿಲ್ಲ.

ಅಂಗಳಕ್ಕೆ ಹಾಸುವ ಇಂಟರ್‌ಲಾಕ್ ಇಟ್ಟಿಗೆ ಮಾಡುವ ಸುನಿಲನ ಯೂನಿಟ್ಟಿನ ಸಾಲಕ್ಕೆ ನೀವು ಮನೆಯ ದಾಖಲೆ ಇಟ್ಟು ಜಾಮೀನು ನಿಲ್ಲುತ್ತೀರಂತೆ. ಅಪ್ಪ, ದಯವಿಟ್ಟು ಬೇಡ. ನನಗೆ ಸುನಿಲನ ಮೇಲೆ ಕೋಪ ಇಲ್ಲ. ಆದರೆ ಸಾಲ ಅವನೊಬ್ಬನದ್ದಲ್ಲ, ಪಾಲುದಾರರದ್ದೂ ಉಂಟು. ಅವರ ಲೆಕ್ಕ ನೀವು ನೋಡಿದ್ದೀರಾ? ಬೈಬಲಿನ ಜ್ಞಾನೋಕ್ತಿ 22ನೇ ಅಧ್ಯಾಯದ 26, 27ನೇ ವಚನ ತೆಗೆದು ಓದಿ. ಸಾಲಕ್ಕೆ ಹೊಣೆಯಾಗಬೇಡ, ತೀರಿಸಲಿಕ್ಕೆ ಆಗದಿದ್ದರೆ ನೀನು ಮಲಗುವ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು ಅಂತ ಉಂಟು. ಮಾತು ಕೊಟ್ಟಾಗಿದ್ದರೆ 6ನೇ ಅಧ್ಯಾಯ ನೋಡಿ. ಕಣ್ಣಿಗೆ ನಿದ್ದೆ ಹತ್ತುವ ಮೊದಲೇ ಹೋಗಿ ಬಿಡಿಸಿಕೊಳ್ಳಬೇಕಂತೆ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಎಂತದೂ ಇಲ್ಲ.

ಅಜ್ಜ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದು ಕಟ್ಟಿದ ಮನೆ ಅದು. ಕ್ರೈಸ್ತ ಸಭೆಗೆ ಸೇರಿ ಕುಲ, ಕಸುಬು ಎರಡೂ ಕಳೆದುಕೊಂಡವರಿಗೆ ಬಾಸೆಲ್ ಮಿಷನ್‌ನವರು ನೇಯ್ಗೆ, ಹಂಚು ಅಂತ ಕೆಲಸ ಹುಟ್ಟಿಸಿದ್ದು, 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾದದ್ದು, ಎಲ್ಲ ನೀವೇ ನಮಗೆ ಹೇಳಿದ್ದು. ಹಾಗಿರುವಾಗ ಸುನಿಲ ಕೆಲಸದವರ ಸಂಬಳವನ್ನು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವುದು ನ್ಯಾಯವಾ? ಕೂಲಿಯವನ ಕೂಲಿ ಹೊತ್ತು ಮುಳುಗುವುದರೊಳಗೆ ಕೊಡಬೇಕು ಅನ್ನುತ್ತದೆ ಧರ್ಮೋಪದೇಶಕಾಂಡ 24:15. ಮಾಲು ಹೋಗದಿದ್ದರೆ ಅದು ಅವರ ತಪ್ಪಲ್ಲ, ಅವರೂ ಊರಿಗೆ ದುಡ್ಡು ಕಳಿಸಬೇಕು, ನನ್ನ ಹಾಗೆಯೇ. ಒಂದು ಮೆಷಿನ್ ಮಾರಿಯಾದರೂ ಮೊದಲು ಅವರ ಲೆಕ್ಕ ಚುಕ್ತಾ ಮಾಡಲಿ. ಕಡಿಮೆ ಬಿದ್ದದ್ದನ್ನು ನಾನು ಕಳಿಸುತ್ತೇನೆ, ಅದನ್ನು ವಾಪಸು ಕೊಡುವುದು ಬೇಡ. ಹೊಸ ಸಾಲದ ಮಾತು ಮಾತ್ರ ಈಗ ಬೇಡವೇ ಬೇಡ.

ಇಲ್ಲಿ 2009ರಲ್ಲಿ ಕಾನೂನು ಬಂದ ಮೇಲೆ ಕಂಪೆನಿಗಳು ಸಂಬಳವನ್ನು ಬ್ಯಾಂಕ್ ಮೂಲಕವೇ ಹಾಕಬೇಕು, ತಡವಾದರೆ ಸರಕಾರಕ್ಕೆ ಗೊತ್ತಾಗುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಮರಳುಗಾಡು ಅಂತ ಹೆದರುವ ಅತ್ತೆಗೆ ಇದನ್ನು ಹೇಳಿ. ಅಮ್ಮ ಕೇಳಿದ ಹಾಗೆ ದೇವಾಲಯವೂ ಉಂಟು, ಆರಾಧನೆಯೂ ಉಂಟು!

ನನಗೆ ಒಂದು ಚೂರೂ ತೊಂದರೆ ಇಲ್ಲ. ಚೆನ್ನಾಗಿ ಉಣ್ಣುತ್ತೇನೆ, ನಿದ್ದೆ ಬರುತ್ತದೆ, ರೂಮಿನಲ್ಲಿ ಏಸಿ ಉಂಟು, ಚಿಂತೆಯೇ ಬೇಡ. ಅಪ್ಪ ಬಿಪಿ ಮಾತ್ರೆ ಬಿಡಬಾರದು. ಸಹಿ ಹಾಕುವ ಮೊದಲು ಫೋನ್ ಮಾಡಿ, ರಾತ್ರಿಯಾದರೂ ಅಡ್ಡಿಲ್ಲ. ಗಾಡಿ ಬಂತು, ಅಕ್ಕನಿಗೆ ಬೇರೆ ಬರೆಯುತ್ತೇನೆ.

ನಿಮ್ಮ ಮಗ,
ಪ್ರಕಾಶ