ಈ ವಾರದ ಸಿನಿಮಾ ನೋಡುವ ಮೊದಲು

ಎಲ್ಲರಿಗೂ ನಮಸ್ಕಾರ. ಈ ವಾರ ನೋಡುತ್ತಿರುವುದು ಇಬ್ಬರು ಗೆಳೆಯರ ಕಾಮಿಡಿ ಅಲ್ವಾ? ಒಂದು ಕೋರಿಕೆ. ಕಥೆ ತೆಳು ಅಂತ ಅರ್ಧಕ್ಕೇ ಬಿಡಬೇಡಿ. ಇಂಥ ಸಿನಿಮಾದಲ್ಲಿ ಕಥೆಗಿಂತ ಆ ಇಬ್ಬರ ಹೊಂದಾಣಿಕೆಯೇ ಜಾಸ್ತಿ ಕೆಲಸ ಮಾಡುತ್ತದೆ.

ಮಾತಾಡುವವನನ್ನು ಬಿಟ್ಟು, ಕೇಳಿಸಿಕೊಳ್ಳುವವನ ಮುಖ ನೋಡಿ. ಲಾರೆಲ್ ಮತ್ತು ಹಾರ್ಡಿ ಜೋಡಿಯನ್ನೇ ತಗೊಳ್ಳಿ. ಇಬ್ಬರೂ ಮೊದಲು ಬೇರೆ ಬೇರೆಯಾಗಿ ಎಷ್ಟೋ ಚಿತ್ರ ಮಾಡಿದ್ದರು. 1927ರಲ್ಲಿ ಜೋಡಿಯಾದ ಮೇಲೆಯೇ ಜಗತ್ತೆಲ್ಲ ಮನೆಮಾತಾದರು. ಲಾರೆಲ್ ಏನೋ ಎಡವಟ್ಟು ಮಾಡುತ್ತಾನೆ. ಹಾರ್ಡಿ ತಕ್ಷಣ ಬೈಯುವುದಿಲ್ಲ. ಸುಮ್ನೆ ಕ್ಯಾಮೆರಾ ಕಡೆ ತಿರುಗಿ ನಮ್ಮನ್ನೇ ನೋಡುತ್ತಾನೆ. ಪಕ್ಕದಲ್ಲಿ ಲಾರೆಲ್ ತಲೆ ಕೆರೆದುಕೊಳ್ಳುತ್ತಾ ನಿಂತಿರುತ್ತಾನೆ. ಇಬ್ಬರಿಗೂ ಅವಸರವಿಲ್ಲ. ಒಬ್ಬರ ನಗುವಿಗೆ ಇನ್ನೊಬ್ಬರು ಜಾಗ ಬಿಟ್ಟುಕೊಡುತ್ತಾರೆ. ಎಷ್ಟೇ ಜಗಳವಾಡಿದರೂ ಇವರು ದೂರ ಆಗುವವರಲ್ಲ ಅಂತ ನಮಗೆ ಗೊತ್ತಿರುತ್ತದೆ. ನನಗೆ ತುಂಬಾ ಇಷ್ಟ ಅದೇ.

ಹೊಂದಾಣಿಕೆ ಇಲ್ಲದ ಜೋಡಿ ತಮ್ಮ ಡೈಲಾಗಿನ ಸರದಿಗೆ ಕಾಯುತ್ತಾ ನಿಂತಂತೆ ಕಾಣುತ್ತದೆ. ಜೋಕ್ ಎಷ್ಟು ಚೆನ್ನಾಗಿದ್ದರೂ ನಗು ಬರಲ್ಲ.

ನಿಮಗೆ ಹಿಡಿಸಿದ ಒಂದು ದೃಶ್ಯವನ್ನು ಭಾನುವಾರ ರಾತ್ರಿಯೊಳಗೆ ಇಲ್ಲಿ ಬರೆಯಿರಿ. ಎಷ್ಟನೇ ನಿಮಿಷ ಅಂತಲೂ ಹಾಕಿ. ಕ್ಲೈಮ್ಯಾಕ್ಸ್ ಮಾತ್ರ ಹೇಳಬೇಡಿ, ಕೆಲವರು ಇನ್ನೂ ನೋಡಿಲ್ಲ.